ಕೈಗುಣ

ಏಳು ವರ್ಷದಲ್ಲಿ ಚಿಕ್ಕತಾಯಿಯ ಮಂಡಿಚಿಪ್ಪು ಜಾರಿದ್ದು ಹನ್ನೊಂದು ಸಲ.

"ಆಪರೇಷನ್ ಮಾಡಿಸ್ಕೊ ಅಂತ ಎಷ್ಟು ಹೇಳ್ದೆ! ಇಷ್ಟು ದಿನ ಚಿಪ್ಪು ಕೂರಿಸ್ತಿದ್ದೋರು ಯಾರಮ್ಮ?" ಅಂದರು ಡಾಕ್ಟರು.

"ನಮ್ಮಪ್ಪ ಸಾರ್. ಊರಲ್ಲಿ ಮೂಳೆ ಕಟ್ಟೋರು."

ಬೇಡವೆಂದವನನ್ನೇ ಮದುವೆಯಾದಳೆಂದು ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಆದರೆ ನೋವೆಂದು ಕರೆದ ಮನೆಗೆ ಹೋಗದಿದ್ದರೆ ಕೈಗುಣ ಹೋಗುತ್ತದೆಂದು ನಂಬಿದ ಜೀವ ಅದು. ಮಂಡಿ ಜಾರಿತೆಂದು ಹೇಳಿ ಕಳಿಸಿದರೆ ಎಣ್ಣೆ ಬಟ್ಟಲು ಹಿಡಿದು ಬಂದೇ ಬರುತ್ತಿದ್ದ. ಗೋಡೆ ನೋಡುತ್ತ ಚಿಪ್ಪು ಕೂರಿಸಿ, ಹೊರಡುವಾಗ ಬೆಕ್ಕಿಗೆ ಹೇಳುತ್ತಿದ್ದ: "ನಿಮ್ಮನೆಯೋಳಿಗೆ ಹೇಳೇ, ಮೂರು ದಿನ ಕಾಲು ಮಡಿಸಬಾರದು ಅಂತ."

"ಅಷ್ಟು ನೋವು ತಿಂದ್ಕೊಂಡು ಯಾಕಮ್ಮ ಸುಮ್ಮನಿದ್ದೆ?"

"ಕಾಲು ವಾಸಿಯಾಗಿಬಿಟ್ರೆ ಅಪ್ಪ ಯಾಕೆ ಬರ್ತಾರೆ ಸಾರ್?"

ಡಾಕ್ಟರು ನಕ್ಕರು. "ಈಗ ಆಪರೇಷನ್‌ಗೆ ಒಪ್ಕೊಂಡಿದ್ದೀಯಲ್ಲ, ಅಪ್ಪ ಮಗಳು ರಾಜಿ ಆದ್ರಾ?"

ಚಿಕ್ಕತಾಯಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು.

"ಹೋದ ವಾರ ಜಾರಿದಾಗಲೂ ಹೇಳಿ ಕಳಿಸ್ದೆ ಸಾರ್. ಎಣ್ಣೆ ಬಟ್ಟಲು ಹಿಡ್ಕೊಂಡು ನನ್ನ ತಮ್ಮ ಬಂದ, ತಲೆ ಬೋಳಿಸ್ಕೊಂಡು."