ಹುಲಿ ಹೆಜ್ಜೆ ಒತ್ತುವ ಕೆಲಸ

ಕೊನೆಯ ಹುಲಿ ಸತ್ತು ಮೂವತ್ತು ವರ್ಷವಾದರೂ ಹುಲಿ ಸಂರಕ್ಷಣಾ ಸಂಸ್ಥೆ ಮಾತ್ರ ಗುಂಡುಕಲ್ಲಿನಂತಿತ್ತು. ಸಫಾರಿ ಜೀಪುಗಳು ಬರುವ ಮುನ್ನ ದಾರಿಯ ಕೆಸರಿನಲ್ಲಿ ರಬ್ಬರ್ ಅಚ್ಚಿನಿಂದ ಹುಲಿ ಹೆಜ್ಜೆ ಒತ್ತುವ ಕೆಲಸಕ್ಕೆ ಅಂದು ಸಂದರ್ಶನ. ಹಾಡಿಯ ಕೇತಮ್ಮನಿಗೆ ಇದು ಮೂರನೆಯ ಅರ್ಜಿ. ಬೇರೆ ಕೆಲಸ ಕಾಡಿನಲ್ಲಿ ಉಳಿದಿರಲಿಲ್ಲ.

ಅವಳು ಸಾಲಾಗಿ ಹೆಜ್ಜೆ ಒತ್ತಿದಳು. ಅಧಿಕಾರಿ ನಾಗಭೂಷಣ ತಲೆದೂಗಿದ. "ಭೇಷ್! ಹುಲೀಗೇ ಇಷ್ಟು ನೀಟಾಗಿ ನಡೆಯೋಕೆ ಬರ್ತಿರಲಿಲ್ಲ ಕಣಮ್ಮ."

ದಾರಿ ಪಕ್ಕದ ಹಳ್ಳದ ಅಂಚಿನಲ್ಲಿ ಇನ್ನೊಂದು ಸಾಲು ಹೆಜ್ಜೆ ಕಂಡು ಕೇತಮ್ಮ ಕುಕ್ಕರಿಸಿಬಿಟ್ಟಳು. "ಇದು ನಂದಲ್ಲ ಸಾ. ನೀರು ಇನ್ನೂ ಒಸರ್ತಾ ಅದೆ, ಈಗ ತಾನೆ ದಾಟಿರದು. ತಾಯಿ ಹುಲಿ, ಜೊತೇಲಿ ಮರಿ."

ನಾಗಭೂಷಣ ಸುತ್ತ ನೋಡಿ ದನಿ ತಗ್ಗಿಸಿದ. "ನಿಜವಾದ ಹುಲಿ ಬಂದ್ರೆ ಅಚ್ಚು ಒತ್ತೋರು ಯಾಕಮ್ಮ ಬೇಕು? ನಾನ್ಯಾಕೆ ಬೇಕು? ಅಳಿಸಿಬಿಡು. ನಾಳೆಯಿಂದ್ಲೇ ಕೆಲಸಕ್ಕೆ ಬಾ."

ಹುಲಿ ಹೆಜ್ಜೆಯನ್ನು ತುಳಿಯಬಾರದು, ಬಳಸಿ ಹೋಗಬೇಕು ಎಂದು ಅಜ್ಜ ಕಲಿಸಿದ್ದ. ಕೇತಮ್ಮ ಚಪ್ಪಲಿ ಕಳಚಿ ಕೈಮುಗಿದಳು. ಮೊದಲು ಮರಿಯ ಹೆಜ್ಜೆಗಳನ್ನು ಬರಿಗಾಲಲ್ಲಿ ಅಳಿಸಿದಳು, ಆಮೇಲೆ ತಾಯಿಯದನ್ನು. ಅದೇ ಜಾಗದಲ್ಲಿ ಅಚ್ಚು ಒತ್ತಿದಳು.

ನಾಗಭೂಷಣ ಬಗ್ಗಿ ನೋಡಿ ನಿಟ್ಟುಸಿರಿಟ್ಟ. "ಹಾಂ, ಈಗ ಅಸಲಿ ಥರ ಕಾಣ್ತಿದೆ."