ಹಲ್ಲಿನ ಗುರುತು

ಹತ್ತಿ ಗಿರಣಿಯ ಹೊರಗೆ ಸೋಂಕು ಹತ್ತಿದವರು ಹಿಂಡುಹಿಂಡಾಗಿ ಅಲೆಯುತ್ತಿದ್ದರು. ಅವರಿಗೆ ಕಣ್ಣು ಮಂಜು, ಆದರೆ ಒಂದು ಚೀರಾಟ ಕೇಳಿದರೆ ಸಾಕು, ಬಾಗಿಲು ಮುರಿದು ನುಗ್ಗುತ್ತಿದ್ದರು. ಒಳಗೆ ಅಡಗಿದ್ದವರನ್ನು ಕಾಯಲು ದ್ಯಾಮಣ್ಣ ಕೊಡಲಿ ಹಿಡಿದು ನಿಂತಿದ್ದ. ಊರು ಬಿಡುವ ಮೊದಲು, ಕೈಮೇಲಿನ ಗಾಯ ತೋರಿಸಿ "ನಾಯಿ ಕಡದೈತಿ" ಎಂದಿದ್ದ ತಮ್ಮನ ಮಾತನ್ನು ಅವನು ನಂಬಿದ್ದ. ಸಂಜೆಯೊಳಗೆ ಆ ತಮ್ಮ ಹೆತ್ತವ್ವನ ಗಂಟಲು ಹರಿದಿದ್ದ.

ಹೆಂಡತಿಯ ಹೆರಿಗೆಗೆಂದು ಒಳಕೋಣೆ ಸೇರಿದ್ದ ಫಕೀರೇಶ ಮಧ್ಯಾಹ್ನ ಹೊರಗೆ ಬಂದ. ಮುಖದ ತುಂಬ ನಗುವಿತ್ತು, ಎಡತೋಳಿನಿಂದ ರಕ್ತ ಸುರಿಯುತ್ತಿತ್ತು. ದ್ಯಾಮಣ್ಣ ತೋಳನ್ನು ಎಳೆದು ನೋಡಿದ. ಹಲ್ಲುಗಳು ಮಾಂಸದೊಳಗೆ ಇಳಿದಿದ್ದವು.

"ಯಣ್ಣಾ, ತಡಿ. ಇದು ಅವ್ರು ಕಡದಿದ್ದಲ್ಲ," ಎಂದು ಫಕೀರೇಶ ಪಿಸುಗುಟ್ಟಿದ.

"ನನ್ನ ತಮ್ಮನೂ ಹಿಂಗ ಅಂದಿದ್ದ."

ಮೊದಲ ಏಟು ಭುಜಕ್ಕೆ ಬಿತ್ತು. ಫಕೀರೇಶ ಕೂಗಲಿಲ್ಲ. ಒಳಕೋಣೆಯ ಕಡೆ ನೋಡಿ ತನ್ನ ಬಾಯಿಯನ್ನು ತಾನೇ ಬಿಗಿಯಾಗಿ ಮುಚ್ಚಿಕೊಂಡ. ಇನ್ನೊಂದು ಏಟಿಗೆ ತಲೆ ಸೀಳಿಹೋಯಿತು.

ಒಳಗೆ ಯಾರ್‍ಯಾರನ್ನು ಕಚ್ಚಿದ್ದಾನೋ ಎಂದು ದ್ಯಾಮಣ್ಣ ಬಾಗಿಲು ತಳ್ಳಿದ. ಬಾಣಂತಿ ಶಾರವ್ವ ಕೂಸಿಗೆ ಹಾಲೂಡಿಸುತ್ತಿದ್ದಳು. ಅವಳ ತುಟಿ, ಗಲ್ಲವೆಲ್ಲ ರಕ್ತವಾಗಿತ್ತು. ದ್ಯಾಮಣ್ಣ ಮತ್ತೆ ಕೊಡಲಿ ಎತ್ತಿದ.

"ಯಣ್ಣಾ, ಅವರ ತೋಳಿಗೆ ಏನರ ಕಟ್ಟು," ಎಂದಳು ಶಾರವ್ವ. "ನಾ ಚೀರಬಾರದಂತ ನನ್ನ ಬಾಯಾಗ ಇಟ್ಟಿದ್ರು, ಬ್ಯಾನಿಗೆ ಭಾಳ ಕಡದಬಿಟ್ಟೇನಿ."