ಒಬ್ಬರನ್ನು ಬಿಟ್ಟು

"ಮೊದಲು ಎಲ್ಲರದೂ ಒಂದು ಫೋಟೊ ತೆಗಿ. ಆಮೇಲೆ ಒಬ್ಬರನ್ನ ಬಿಟ್ಟು ಇನ್ನೊಂದು," ಎಂದಳು ಓರಿಸ್ಯಾ, ತನ್ನ ಮದುವೆಯ ನಲವತ್ತನೇ ವಾರ್ಷಿಕೋತ್ಸವದ ದಿನ ಚರ್ಚಿನ ಸಭಾಭವನದ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು. "ಯಾರಿಗೂ ಮೊದಲೇ ಹೇಳ್ಬೇಡ. ಗಲಾಟೆ ಮಾಡ್ತಾರೆ."

ಗ್ವೆನ್ ತಲೆಯಾಡಿಸಿದಳು. ಯಾರನ್ನು ಬಿಟ್ಟು ಎಂದು ಕೇಳಲಿಲ್ಲ. ಕೆನಡಾದ ಸಸ್ಕಾಚೆವಾನಿನ ಈ ಸಣ್ಣ ಊರುಗಳಲ್ಲಿ ಆರು ವರ್ಷದಿಂದ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಿದ್ದವಳಿಗೆ ಅದನ್ನು ಕೇಳಬೇಕಾಗಿರಲಿಲ್ಲ. ಮಗನ ಜೊತೆ ಇನ್ನೂ ಮದುವೆಯಾಗದ ಹುಡುಗಿ ಬಂದಿದ್ದರೆ ಗುಂಪನ್ನು ಎರಡು ಸಲ ತೆಗೆಯಬೇಕು. ಅವಳಿದ್ದು ಒಂದು, ಅವಳಿಲ್ಲದೆ ಒಂದು. ನಾಳೆ ಸಂಬಂಧ ಮುರಿದರೂ ಗೋಡೆಯ ಮೇಲಿನ ಚಿತ್ರ ಕೆಡಬಾರದು. ಅದಕ್ಕೊಂದು ಸಭ್ಯವಾದ ಮಾತೂ ಇತ್ತು: 'ಈಗ ಮನೆಯವರು ಮಾತ್ರ.'

ಗ್ವೆನ್ ಕೂಡ ಒಮ್ಮೆ ಯಾರದೋ ಮನೆಯ ಹುಲ್ಲುಹಾಸಿನ ಮೇಲೆ ಆ ಮಾತು ಕೇಳಿ ಪಕ್ಕಕ್ಕೆ ಸರಿದವಳೇ. ಆ ಮನೆಗೆ ಮತ್ತೆ ಹೋಗಲಿಲ್ಲ.

ಅಡುಗೆಮನೆಯಲ್ಲಿ ಕೆರಿ ಪಿರೋಗಿ ಮಡಿಸುತ್ತಿದ್ದಳು. ಓರಿಸ್ಯಾಳ ಮಗ ಡ್ಯಾನಿಲೊ ಜೊತೆ ಮೂರು ವರ್ಷದಿಂದ ಇರುವವಳು. ಅವಳು ಮಡಿಸಿದ ಕಡುಬುಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು.

"ಬೆರಳಿಗೆ ಹಿಟ್ಟು ಹಚ್ಕೊ ಅಂತ ಎಷ್ಟು ಸಲ ಹೇಳೋದು?" ಓರಿಸ್ಯಾ ಅವಳ ಕೈ ಹಿಡಿದೇ ಅಂಚು ಒತ್ತಿಸಿದಳು. "ಸರಿಯಾಗಿ ನೋಡ್ಕೊ. ಇನ್ನೊಂದು ಸಲ ಹೇಳ್ಕೊಡಲ್ಲ."

ಕೆರಿ ಬೆರಳನ್ನು ಹಿಟ್ಟಿಗೆ ಅದ್ದಿದಳು.

ಹೊರಗೆ ಡ್ಯಾನಿಲೊ ಗ್ವೆನ್‌ಳನ್ನು ಅಡ್ಡಗಟ್ಟಿದ. "ಅಮ್ಮ ಎರಡನೇ ಫೋಟೊ ಹೇಳಿದಾಳೆ, ಅಲ್ವಾ? ಅಕ್ಕನ ಮದುವೇಲೂ ಕೆರಿನ ಹೀಗೇ ಆಚೆ ನಿಲ್ಲಿಸಿದ್ಲು. ಇವತ್ತೂ ಹಾಗೇ ಆದ್ರೆ ಅವಳ ಹಿಂದೆ ನಾನೂ ಆಚೆ. ಮತ್ತೆ ಆ ಮನೆ ಹೊಸಿಲು ತುಳಿಯಲ್ಲ."

ಯಾರ ಜಗಳದಲ್ಲೂ ಬಾಯಿ ಹಾಕುವವಳಲ್ಲ ಗ್ವೆನ್. ಆದರೂ ಓರಿಸ್ಯಾಳ ಬಳಿ ಹೋಗಿ, "ಎರಡನೆಯದು ಬೇಡ ಅನ್ಸುತ್ತೆ," ಎಂದಳು.

"ಅದಕ್ಕೇ ನಿನ್ನ ಕರೆಸಿದ್ದು ಹುಡುಗಿ. ಯಾವಾಗ ಕೊಡ್ತೀಯ?"

"ಎರಡು ತಿಂಗಳು ಆಗಬಹುದು."

"ಅಷ್ಟು ದಿನ ಕಾಯೋಕಾಗಲ್ಲ. ಮೂರು ವಾರ."

ಎಲ್ಲರಿಗೂ ಅವಸರವೇ, ಎಂದುಕೊಂಡಳು ಗ್ವೆನ್.

ಸಭಾಭವನದ ಮೆಟ್ಟಿಲ ಮೇಲೆ ಮನೆಯವರೆಲ್ಲ ಸಾಲಾದರು. ಅಕ್ಟೋಬರಿನ ಗಾಳಿ ಚುಚ್ಚುತ್ತಿತ್ತು. ಬಿಚ್ಚಿಟ್ಟ ಕೋಟುಗಳು ಕಟಕಟೆಯ ಮೇಲೆ ರಾಶಿ ಬಿದ್ದಿದ್ದವು. ನಡುವೆ ಓರಿಸ್ಯಾಳಿಗೊಂದು ಕುರ್ಚಿ. ಅವಳ ಉಡುಪನ್ನು ಬೆನ್ನ ಹಿಂದೆ ನಾಲ್ಕು ಪಿನ್ನು ಹಾಕಿ ಬಿಗಿ ಮಾಡಿದ್ದರು.

"ನೋಡ್ರೋ," ಎಂದ ಗಂಡ ಬೊಹ್ದಾನ್, "ನಲವತ್ತು ವರ್ಷ ಆದ್ಮೇಲೆ ಮದುವೆ ಹುಡುಗಿಯ ಸೊಂಟ ವಾಪಸ್ ಬಂದಿದೆ!"

"ನಿನ್ನ ಹೊಟ್ಟೆ ಒಳಗೆಳ್ಕೊ ಮುದುಕಾ, ಚಿತ್ರದಲ್ಲಿ ಬೇರೆಯವರಿಗೂ ಜಾಗ ಬೇಕು."

ಮೊದಲನೆಯದು ಚೆನ್ನಾಗಿ ಬಂತು. ಗ್ವೆನ್ ಕ್ಯಾಮೆರಾ ಇಳಿಸಿದಳು. ಓರಿಸ್ಯಾ ಅವಳನ್ನೇ ನೋಡುತ್ತಿದ್ದಳು.

"ಈಗ…" ಗ್ವೆನ್ ಮತ್ತೆ ಕ್ಯಾಮೆರಾ ಎತ್ತಿದಳು. "ಈಗ ಮನೆಯವರು ಮಾತ್ರ."

ಯಾರೂ ಹೇಳುವ ಮೊದಲೇ ಕೆರಿ ಸಾಲಿನಿಂದ ಇಳಿದಳು. ಸುಮ್ಮನೆ ನಿಲ್ಲಲಾಗದೆ ಕೋಟುಗಳನ್ನು ಒಂದೊಂದಾಗಿ ತೋಳಿಗೆ ಹಾಕಿಕೊಳ್ಳತೊಡಗಿದಳು. ಡ್ಯಾನಿಲೊ ಒಂದು ಮೆಟ್ಟಿಲು ಕೆಳಗೆ ಕಾಲಿಟ್ಟ.

"ನೀನೆಲ್ಲಿಗೆ ಹೊರಟೆ?" ಓರಿಸ್ಯಾಳ ದನಿಗೆ ಇಬ್ಬರೂ ನಿಂತರು. "ಕೆರಿ, ನಿನಗೇ ಹೇಳ್ತಿರೋದು. ಆ ಕೋಟು ಕೆಳಗಿಡು. ಬಾ ಇಲ್ಲಿ."

ಕುರ್ಚಿಯ ತೋಳಿಗೆ ಕೈಯೂರಿ ಎದ್ದಳು. ಕೆರಿಯ ಭುಜ ಒತ್ತಿ ತನ್ನ ಜಾಗದಲ್ಲಿ ಕೂರಿಸಿದಳು. "ಡ್ಯಾನಿಲೊ, ಅವಳ ಹಿಂದೆ ನಿಂತ್ಕೊ. ಒತ್ತಾಗಿ ನಿಲ್ಲಿ ಎಲ್ಲರೂ. ನಡುವೆ ಖಾಲಿ ಕಾಣ್ಬಾರ್ದು." ಆಮೇಲೆ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕ್ಯಾಮೆರಾದ ಪಕ್ಕಕ್ಕೆ ಬಂದಳು.

"ಅಯ್ಯೋ, ಮದುವೆ ಹುಡುಗಿ ಓಡಿಹೋದ್ಲಪ್ಪ!" ಬೊಹ್ದಾನ್ ಕೂಗಿದ.

ಎಲ್ಲರೂ ನಕ್ಕರು. ಡ್ಯಾನಿಲೊ ಕೂಡ ನಕ್ಕ. ಕೆರಿ ಅಂಗೈಯಿಂದ ಕಣ್ಣು ಒರೆಸಿಕೊಂಡು ನಕ್ಕಳು.

ಓರಿಸ್ಯಾ ಅವರನ್ನೆಲ್ಲ ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದಳು. ಆಮೇಲೆ ಗ್ವೆನ್‌ಳ ಕಿವಿಯ ಹತ್ತಿರ ಬಾಗಿದಳು.

"ನಾನು ಕ್ರಿಸ್‌ಮಸ್ ದಾಟಲ್ಲ ಅಂದಿದಾರೆ ಡಾಕ್ಟರು, ಇವರಿಗಿನ್ನೂ ಹೇಳಿಲ್ಲ ಮಗಳೇ, ನಗ್ತಿರುವಾಗಲೇ ತೆಗಿ."